ಮಾತ್ರೆ ನಮ್ಮ ಕೈಗೆ, ಕಸ ಯಾರ ಲೆಕ್ಕಕ್ಕೆ?

ಹಲ್ಲುನೋವು, ಮೈಕೈ ನೋವು ಅಂದ್ರೆ ಡಾಕ್ಟರ್ ಬರೆದುಕೊಡೋ ಐಬುಪ್ರೊಫೆನ್ ಮಾತ್ರೆ ನಿಮಗೆ ಗೊತ್ತಿರುತ್ತೆ. ಇವತ್ತು ನಾನು ಹೇಳೋಕೆ ಹೊರಟಿರೋದು ಆ ಮಾತ್ರೆ ತಯಾರಾಗುವಾಗ ಹುಟ್ಟೋ ಕಸದ ಕಥೆ.

ನಾನು ಓದಿದ್ದು ಬಿ.ಕಾಂ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿದವನಲ್ಲ. ಆದರೂ ಹಸಿರು ರಸಾಯನಶಾಸ್ತ್ರ ನನಗೆ ಅರ್ಥ ಆಯ್ತು. ಯಾಕಂದ್ರೆ ಅದರ ಬುಡದಲ್ಲಿರೋದು ಜಮಾ-ಖರ್ಚಿನ ಲೆಕ್ಕ.

ಐಬುಪ್ರೊಫೆನ್ ಕಂಡುಹಿಡಿದದ್ದು 1960ರ ದಶಕದಲ್ಲಿ, ಬ್ರಿಟನ್ನಿನ ಬೂಟ್ಸ್ ಕಂಪನಿ. ಅವರ ಹಳೇ ವಿಧಾನದಲ್ಲಿ ಆರು ಹಂತ. ಒಳಗೆ ಹಾಕಿದ ರಾಸಾಯನಿಕಗಳ ತೂಕ 100 ಕೆ.ಜಿ. ಅಂತ ಇಟ್ಕೊಳ್ಳಿ, ಔಷಧಿ ಆಗೋದು ಸುಮಾರು 40. ಉಳಿದ 60 ಕಸ. ಅದೂ ಪ್ರತಿ ಹಂತವೂ ಒಂಚೂರೂ ನಷ್ಟ ಇಲ್ಲದೆ ನಡೆದರೆ! ಅಂದ್ರೆ ಇದು ಯಾರದೋ ಕೈತಪ್ಪಿನಿಂದ ಆದ ಕಸ ಅಲ್ಲ, ವಿಧಾನದೊಳಗೇ ಇದ್ದ ಕಸ. ಈ ಲೆಕ್ಕಕ್ಕೆ 1991ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಬ್ಯಾರಿ ಟ್ರೋಸ್ಟ್ 'ಆಟಂ ಎಕಾನಮಿ' ಅಂತ ಹೆಸರಿಟ್ಟರು. ಹಾಕಿದ ಪರಮಾಣುಗಳಲ್ಲಿ ಎಷ್ಟು ನಮಗೆ ಬೇಕಾದ ವಸ್ತುವಿನಲ್ಲಿ ಉಳಿದವು ಅನ್ನೋದು ಇದರ ಪ್ರಶ್ನೆ.

1980ರ ದಶಕದ ಹೊತ್ತಿಗೆ ಐಬುಪ್ರೊಫೆನ್ ಪೇಟೆಂಟ್ ಮುಗಿದಿತ್ತು, ಪೈಪೋಟಿ ಶುರುವಾಗಿತ್ತು. ಆಗ ಬೂಟ್ಸ್ ಮತ್ತು ಹೋಕ್ಸ್ಟ್ ಸೆಲನೀಸ್ ಸೇರಿ ಹೊಸ ದಾರಿ ಹುಡುಕಿದವು. ಬರೀ ಮೂರು ಹಂತ. 1992ರಲ್ಲಿ ಟೆಕ್ಸಸ್‌ನ ಬಿಷಪ್ ಊರಲ್ಲಿ ಕಾರ್ಖಾನೆ ಶುರುವಾಯ್ತು. 40 ಇದ್ದದ್ದು 77 ಆಯ್ತು. ಜೊತೆಗೆ ಬರೋ ಅಸಿಟಿಕ್ ಆಮ್ಲ, ಅಂದ್ರೆ ವಿನೆಗರ್‌ನಲ್ಲಿರೋ ಹುಳಿ, ಅದನ್ನೂ ಹಿಡಿದಿಟ್ಟು ಬಳಸಿದರೆ ಹೆಚ್ಚೂಕಡಿಮೆ 99. ಹಳೇ ವಿಧಾನದಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಒಮ್ಮೆ ಬಳಸಿದರೆ ಮುಗೀತು, ರಾಶಿ ರಾಶಿ ಕಸ. ಹೊಸದರಲ್ಲಿ ಹೈಡ್ರೋಜನ್ ಫ್ಲೋರೈಡನ್ನು ವಾಪಸ್ ಪಡೆದು ಮತ್ತೆ ಮತ್ತೆ ಬಳಸ್ತಾರೆ. 1997ರಲ್ಲಿ ಇದಕ್ಕೆ ಅಮೆರಿಕ ಅಧ್ಯಕ್ಷರ ಹೆಸರಿನ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು.

ಒಂದು ಮಾತು ಮುಚ್ಚಿಡಬಾರದು. ಹೈಡ್ರೋಜನ್ ಫ್ಲೋರೈಡ್ ಭಾರೀ ಅಪಾಯಕಾರಿ, ಸೋರಿದರೆ ಜೀವಕ್ಕೇ ಕುತ್ತು. ಕಸ ಕಡಿಮೆ ಆದ ಮಾತ್ರಕ್ಕೆ ಅಪಾಯ ಕಡಿಮೆ ಆಗಲ್ಲ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು.

1998ರಲ್ಲಿ ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಕೊಟ್ಟರು. ಮೊದಲನೆಯದೇ ಇದು: ಕಸ ಆದಮೇಲೆ ಶುದ್ಧ ಮಾಡೋದಕ್ಕಿಂತ ಆಗದಂತೆ ನೋಡ್ಕೊಳ್ಳೋದು ಮೇಲು. ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಕಸಕ್ಕೆ ಕಂಪನಿ ಎರಡು ಸಲ ದುಡ್ಡು ಕೊಡುತ್ತೆ. ಕಚ್ಚಾ ವಸ್ತು ಅಂತ ಕೊಳ್ಳುವಾಗ ಒಮ್ಮೆ, ವಿಲೇವಾರಿ ಮಾಡುವಾಗ ಇನ್ನೊಮ್ಮೆ. ಎರಡನೇ ಬಿಲ್ ಕಂಪನಿ ಕಟ್ಟದೇ ಹೋದರೆ? ಕೆಳಗಿನ ಊರಿನವರು ಕಟ್ತಾರೆ, ತಮ್ಮ ಬಾವಿ ನೀರಿನಲ್ಲಿ. ಆ ಖರ್ಚು ಯಾವ ಬ್ಯಾಲೆನ್ಸ್ ಶೀಟಲ್ಲೂ ಕಾಣಲ್ಲ.

ಹಾಗಾಗಿ ನಿಮ್ಮೂರ ಹತ್ರ ಕೆಮಿಕಲ್ ಕಾರ್ಖಾನೆ ಬರುತ್ತೆ ಅಂದಾಗ 'ಕೊಳಕು ನೀರು ಎಲ್ಲಿಗೆ ಬಿಡ್ತೀರಿ' ಅಂತ ಖಂಡಿತ ಕೇಳಿ. ಅದರ ಜೊತೆಗೆ, 'ಒಂದು ಕೆ.ಜಿ. ಮಾಲಿಗೆ ಎಷ್ಟು ಕೆ.ಜಿ. ಒಳಗೆ ಹಾಕ್ತೀರಿ' ಅಂತಲೂ ಕೇಳಿ. ಉತ್ತರ ಹೇಳೋಕೆ ತಡವರಿಸಿದರೆ, ಬಿಲ್ ಯಾರ ಹೆಸರಿಗೆ ಬರುತ್ತೆ ಅಂತ ನಿಮಗೇ ಗೊತ್ತಾಗುತ್ತೆ.