ದೇಶರಕ್ಷಣೆಯೂ ಜನತೆಯ ಸಿದ್ಧತೆಯೂ

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ದೇಶರಕ್ಷಣೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಸೈನ್ಯ, ತೋಪು, ವಿಮಾನಗಳು. ಆದರೆ ಸೈನ್ಯವು ಕೋಟೆಯ ಹೊರಗೋಡೆ ಮಾತ್ರ. ಒಳಗಿನ ಜನರು ಹಸಿದು, ಹೆದರಿ, ಒಬ್ಬರನ್ನೊಬ್ಬರು ನಂಬದೆ ಹೋದರೆ ಆ ಗೋಡೆಯು ಎಷ್ಟು ದಿನ ನಿಂತೀತು? ಈ ವಿಷಯದಲ್ಲಿ ಸ್ವೀಡನ್ ದೇಶದ ಅನುಭವವನ್ನು ತಮ್ಮ ಮುಂದೆ ನಿವೇದಿಸುತ್ತೇನೆ.

ಸುಮಾರು 1 ಕೋಟಿ ಜನರ ಆ ದೇಶವು 1814ರಿಂದೀಚೆಗೆ ಯಾವ ರಾಷ್ಟ್ರದೊಡನೆಯೂ ಯುದ್ಧ ಹೂಡಿಲ್ಲ. ಆದರೂ ಅದು 1901ರಲ್ಲಿ ತರುಣರಿಗೆ ಸೈನಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಮುಂದೆ ಸೈನ್ಯವನ್ನೂ ಪೌರರಕ್ಷಣೆಯನ್ನೂ ಒಂದುಗೂಡಿಸಿ ‘ಸಮಗ್ರ ರಕ್ಷಣೆ’ಯ ವ್ಯವಸ್ಥೆಯನ್ನು ಕಟ್ಟಿತು. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆಯಲು, ಇನ್ನು ಯುದ್ಧಭಯವಿಲ್ಲವೆಂದು ಬಗೆದು ಅದೆಲ್ಲವನ್ನೂ ಕಳಚತೊಡಗಿತು. 2005ರಲ್ಲಿ ಬಾಲ್ಟಿಕ್ ಸಮುದ್ರದ ನಡುವಣ ಗಾಟ್ಲಂಡ್ ದ್ವೀಪದ ಸೇನಾದಳವು ವಿಸರ್ಜಿತವಾಯಿತು. 2010ರಲ್ಲಿ ಕಡ್ಡಾಯ ಸೈನಿಕ ಶಿಕ್ಷಣವು ನಿಂತಿತು.

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸಿದಾಗ ಸ್ವೀಡಿಷ್ ಜನತೆ ಎಚ್ಚೆತ್ತಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ನಮ್ಮ ಗಾದೆಯ ಮರ್ಮವು ಅವರಿಗೆ ಆಗ ತಿಳಿದಿರಬೇಕು. 2017ರಲ್ಲಿ ಕಡ್ಡಾಯ ಶಿಕ್ಷಣವನ್ನು ಪುನಃ ಜಾರಿಗೆ ತಂದರು, ಈ ಸಲ ತರುಣ ತರುಣಿಯರಿಬ್ಬರಿಗೂ. 2018ರಲ್ಲಿ ಗಾಟ್ಲಂಡಿನ ದಳವನ್ನು ಮರಳಿ ಸ್ಥಾಪಿಸಿದರು. 2024ರಲ್ಲಿ, ಇನ್ನೂರು ವರ್ಷಗಳ ತಾಟಸ್ಥ್ಯವನ್ನು ತೊರೆದು, ನೇಟೋ ಕೂಟವನ್ನು ಸೇರಿದರು.

ಆದರೆ ನನ್ನ ಗಮನವನ್ನು ಸೆಳೆದುದು ಬೇರೆಯೇ ಆಗಿದೆ. 2018ರಲ್ಲಿಯೂ ಪುನಃ 2024ರಲ್ಲಿಯೂ ಅಲ್ಲಿಯ ಸರಕಾರವು ಮನೆಮನೆಗೂ ಒಂದು ಚಿಕ್ಕ ಪುಸ್ತಿಕೆಯನ್ನು ಕಳುಹಿಸಿತು. ನೀರು, ಆಹಾರ, ಬೆಚ್ಚನೆಯ ಹೊದಿಕೆ, ಸುದ್ದಿ ಕೇಳಲು ರೇಡಿಯೋ ಇವನ್ನು ಕೂಡಿಸಿಟ್ಟುಕೊಂಡು ಒಂದು ವಾರ ಪರರ ನೆರವಿಲ್ಲದೆ ಬಾಳಲು ಸಿದ್ಧರಾಗಿರೆಂದು ಅದರ ಬೋಧೆ. ಶಕ್ತರು ತಮ್ಮನ್ನು ತಾವು ನೋಡಿಕೊಂಡರೆ ಸರಕಾರದ ಕೈ ಅಶಕ್ತರ ನೆರವಿಗೆ ಬಿಡುವಾಗುವದು. ಶರಣಾಗತಿಯ ವಾರ್ತೆ ಬಂದರೆ ಅದು ಸುಳ್ಳೆಂದೇ ತಿಳಿಯಬೇಕೆಂದೂ ಅದರಲ್ಲಿ ಹೇಳಿದೆ. 16ರಿಂದ 70 ವಯಸ್ಸಿನ ಪ್ರತಿಯೊಬ್ಬ ನಿವಾಸಿಯೂ ರಕ್ಷಣಾ ಕಾರ್ಯಕ್ಕೆ ಬಾಧ್ಯನೆಂದು ಅಲ್ಲಿಯ ಕಾಯಿದೆ ಸಾರುತ್ತದೆ.

ವಕೀಲನಾದ ನಾನು ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ರಕ್ಷಣೆಯ ನೆಪದಿಂದ ಪ್ರಜೆಯ ಬಾಯಿ ಕಟ್ಟುವ ಸರಕಾರವು ತನ್ನ ಕೋಟೆಯ ಬುಡವನ್ನೇ ಅಗೆಯುತ್ತದೆ. ಸ್ವೀಡನ್ನಿನಲ್ಲಿ 2022ರಲ್ಲಿ ಸ್ಥಾಪಿತವಾದ ಮಾನಸಿಕ ರಕ್ಷಣಾ ಇಲಾಖೆಯ ಕೆಲಸವು ಪರದೇಶದವರು ಹರಡುವ ವಂಚನೆಯನ್ನು ಬಯಲಿಗೆಳೆಯುವುದು. ಸ್ವದೇಶದ ಟೀಕಾಕಾರರನ್ನು ಅಡಗಿಸುವುದಲ್ಲ. ಸತ್ಯವನ್ನು ಹೇಳುವ ಸರಕಾರಕ್ಕೆ ಮಾತ್ರ ಪ್ರಜೆಗಳಿಂದ ತ್ಯಾಗವನ್ನು ಕೇಳುವ ಅಧಿಕಾರವುಂಟು.

ನಮ್ಮಲ್ಲಿಯೂ 1968ರ ಪೌರರಕ್ಷಣಾ ಕಾಯಿದೆಯುಂಟು. 2025ರ ಮೇ 7ರಂದು ದೇಶದ ಅನೇಕ ಜಿಲ್ಲೆಗಳಲ್ಲಿ ಅಣಕು ಕವಾಯತು ನಡೆದಾಗ ಅದರ ನೆನಪಾಯಿತು. ಒಂದು ದಿನದ ಕವಾಯತಿನಿಂದ ಸಮಾಜವು ಗಟ್ಟಿಯಾಗದು. ಪ್ರಥಮ ಚಿಕಿತ್ಸೆಯನ್ನು ಕಲಿತ ಬಾಲಕ, ಕೇಳಿದ ಸುದ್ದಿಯನ್ನು ಒರೆಗೆ ಹಚ್ಚಿ ನೋಡುವ ಬಾಲಿಕೆ, ಇವರನ್ನು ಸಿದ್ಧಪಡಿಸುವ ಭಾರವು ತಮ್ಮ ಮೇಲಿದೆ. ಕೋಟೆಯ ಒಳಗೋಡೆಯನ್ನು ಕಟ್ಟುವವರು ತಾವೇ ಎಂದು ವಿನಂತಿಸಿ ವಿರಮಿಸುತ್ತೇನೆ.