ಮನೆಯಂಗಳಕ್ಕೆ ನಿತ್ಯಹಸುರಿನ ಮರಗಳೂ ಬೇಲಿಗಿಡಗಳೂ
(ಮಲವಗೊಪ್ಪದ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಮನೆಯ ಮುಂದೆ ಗಿಡ ನೆಡುವವರು ಸಾಮಾನ್ಯವಾಗಿ ಹೂವಿನ ಬಣ್ಣವನ್ನೂ ಎಲೆಯ ಹೊಳಪನ್ನೂ ನೋಡಿ ಸಸಿಯನ್ನಾರಿಸುವರು. ಮೊಳದುದ್ದದ ಸಸಿಗಳೆಲ್ಲವೂ ಅಂದವೇ. ಆದರೆ ಇಪ್ಪತ್ತು ವರ್ಷಗಳ ತರುವಾಯ ಅದು ಎಷ್ಟು ಅಗಲಕ್ಕೆ ಹರಡುವುದು, ಬೇರು ಎಲ್ಲಿಗೆ ಹೋಗುವುದು, ದನಕರುಗಳಿಗೆ ಹಿತವೋ ಅಹಿತವೋ ಎಂಬುದನ್ನು ಮೊದಲೇ ಯೋಚಿಸಿ ನೆಡತಕ್ಕದ್ದು.

ಇದಕ್ಕೆ ಲಂಟಾನ ಗಿಡವೇ ದೃಷ್ಟಾಂತವು. ಅಮೆರಿಕಾ ಖಂಡದ ಉಷ್ಣಪ್ರದೇಶದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅದು ತೋಟಗಳ ಬೇಲಿಯಾಯಿತು; ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಈಗ ಭದ್ರಾ ಅಭಯಾರಣ್ಯದೊಳಗೂ ಅದರ ಮೆಳೆಗಳು ಹಬ್ಬಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿವೆ. ಅದರ ಸೊಪ್ಪು ತಿಂದ ದನಗಳ ಯಕೃತ್ತು ಕೆಟ್ಟು, ಬಿಸಿಲು ತಗುಲಿದೆಡೆ ಚರ್ಮವು ಹುಣ್ಣಾಗುವುದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಯು ಇಲ್ಲಿ ನಿಜವಾಯಿತು.

ನೆಲಕ್ಕೆ ತಕ್ಕ ಮರ

ಆಗುಂಬೆಯಲ್ಲಿ ವರ್ಷಕ್ಕೆ 250 ಅಂಗುಲಕ್ಕೂ ಮೇಲೆ ಮಳೆಯಾದರೆ, ಶಿವಮೊಗ್ಗ ಭದ್ರಾವತಿಗಳ ನಡುವೆ ಅದರ ಅಲ್ಪಭಾಗ ಮಾತ್ರ ಬೀಳುವುದು. ಆದುದರಿಂದ ಘಟ್ಟದ ಮರಗಳೆಲ್ಲವೂ ಮಲವಗೊಪ್ಪಕ್ಕೆ ಒಗ್ಗುವುವೆಂದು ಭಾವಿಸಲಾಗದು.

ನೀರು ಬಸಿದುಹೋಗುವ ಕೆಂಪು ನೆಲಕ್ಕೆ ಸಂಪಿಗೆಯೂ ರಂಜವೂ ಉತ್ತಮ. ಸಂಪಿಗೆಯ ಬೀಜದ ಸಸಿಯು ಹೂ ಬಿಡಲು ಎಂಟು ಹತ್ತು ವರ್ಷ ಹಿಡಿಯಬಹುದು. ಕಸಿಗಿಡವು ಎರಡು ಮೂರು ವರ್ಷಗಳಲ್ಲಿಯೇ ಹೂ ಬಿಡುವುದು. ರಂಜವು ನಿಧಾನವಾಗಿ ಬೆಳೆದರೂ ದಟ್ಟವಾದ ನೆರಳು ಕೊಡುವುದು. ನಾಲೆಯ ಬದಿಯ ಜೌಗು ನೆಲದಲ್ಲಿ ಸಂಪಿಗೆಯೂ ಹಲಸೂ ಬೇರು ಕೊಳೆತು ಸಾಯುವುವು; ಅಂತಹ ಕಡೆ ನೇರಳೆಯನ್ನೂ ಹೊಂಗೆಯನ್ನೂ ನೆಡಬೇಕು. ಹೊಂಗೆಯು ಬೇಸಗೆಗೆ ಮುನ್ನ ಕೆಲದಿನ ಎಲೆ ಉದುರಿಸಿದರೂ ಬೇಗನೆ ಚಿಗುರುವುದು; ಅದರ ಸೊಪ್ಪೂ ಹಿಂಡಿಯೂ ಗದ್ದೆಗೆ ಗೊಬ್ಬರವಾಗುವುವು.

ಸಂಪಿಗೆ, ರಂಜಗಳನ್ನು ಗೋಡೆಯಿಂದ 20 ಅಡಿ, ಹಲಸನ್ನು 30 ಅಡಿ ದೂರದಲ್ಲಿ ನೆಡುವುದು ಯುಕ್ತ. ಆಲ, ಅರಳಿಗಳ ಬೇರು ಗೋಡೆಯನ್ನೂ ಬಾವಿಯ ಕಟ್ಟನ್ನೂ ಸೀಳುವುದರಿಂದ ಅವುಗಳಿಗೆ ಊರ ಕಟ್ಟೆಯೇ ತಕ್ಕ ಸ್ಥಳ.

ಬೇಲಿಯ ಗಿಡಗಳು

ಆಡುಸೋಗೆಯನ್ನು ದನಗಳೂ ಆಡುಗಳೂ ಸಾಮಾನ್ಯವಾಗಿ ಮುಟ್ಟವು. ಕಡ್ಡಿ ನೆಟ್ಟರೆ ಬೇರೂರುವುದು. ಸೊಪ್ಪು ಗೊಬ್ಬರಕ್ಕೂ ಔಷಧಕ್ಕೂ ಬರುವುದು. ಒಣ ನೆಲಕ್ಕೆ ಬಂದರೆ ಗಿಡವು ಲೇಸು. ಅದರ ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು. ಗೋರಂಟಿಯು ಕತ್ತರಿಗೆ ಚೆನ್ನಾಗಿ ಒಗ್ಗುವುದು. ದಾಸವಾಳವು ಅಂದವಾದರೂ ದನಗಳಿಗೆ ರುಚಿ. ಅದನ್ನು ಹೊರಬೇಲಿಗೆ ಬಳಸಕೂಡದು. ಕಣಗಿಲೆಯ ಎಲೆಯೂ ಹಳದಿ ಕಣಗಿಲೆಯ ಬೀಜವೂ ಪ್ರಾಣಾಪಾಯಕರವಾದ ವಿಷವುಳ್ಳವು. ಮಕ್ಕಳಾಡುವ ಅಂಗಳದಲ್ಲಿಯೂ ಕೊಟ್ಟಿಗೆಯ ಬಳಿಯಲ್ಲಿಯೂ ಇವು ಬೇಡ.

ನೆಡುವ ಕ್ರಮ

ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೋಡಿ, ಕೊಟ್ಟಿಗೆಗೊಬ್ಬರವನ್ನೂ ಕೆರೆಗೋಡನ್ನೂ ಮಣ್ಣಿನೊಡನೆ ಬೆರೆಸಿ ತುಂಬಿ, ಮುಂಗಾರು ಹಿಡಿದ ಕೂಡಲೇ ಎರಡು ಸಾಲಾಗಿ, ಅಡಿಗೊಂದರಂತೆ, ಒಂದು ಸಾಲಿನ ಸಂದಿಗೆ ಇನ್ನೊಂದರ ಸಸಿ ಬರುವಂತೆ ನೆಡಬೇಕು. ಬೇರೂರಿ ಚಿಗುರಿದ ಮೇಲೆ ಅರ್ಧ ಅಡಿ ಉಳಿಸಿ ತುದಿಯನ್ನು ಕತ್ತರಿಸತಕ್ಕದ್ದು. ಕತ್ತರಿಸಲು ಮನಸ್ಸು ಬಾರದೆ ಬಿಟ್ಟವನ ಬೇಲಿಯು ಮೇಲೆ ಸೊಂಪಾಗಿ ಬುಡದಲ್ಲಿ ಬರಿದಾಗಿ, ಕರುವಿಗೆ ದಾರಿ ಕೊಡುವುದು. ಬೇಲಿಯ ಬುಡವು ಅಗಲವಾಗಿಯೂ ತಲೆಯು ಕಿರಿದಾಗಿಯೂ ಇದ್ದರೆ ಕೆಳಗಿನ ಎಲೆಗಳಿಗೂ ಬಿಸಿಲು ದೊರೆಯುವುದು.

ಗ್ರಾಮದ ಹಿರಿಯರು ಮೊದಲು ತಮ್ಮ ಅಂಗಳದಲ್ಲಿ ಇದನ್ನು ಮಾಡಿ ತೋರಿಸಿ, ಮಿಕ್ಕ ಕಡ್ಡಿಗಳನ್ನು ನೆರೆಯವರಿಗೆ ಹಂಚಿದರೆ, ನಾಲ್ಕಾರು ಮಳೆಗಾಲಗಳಲ್ಲಿ ಊರಿಗೇ ಹಸುರು ಬೇಲಿಯಾಗುವುದು. ನೆಟ್ಟವರು ಹೋದ ಮೇಲೂ ಮರವು ನಿಲ್ಲುವುದು. ಮೊಮ್ಮಕ್ಕಳು ನೆರಳನ್ನು ಹೊಗಳುವರೋ, ಬಿರಿದ ಗೋಡೆಯನ್ನು ನೋಡಿ ಬಯ್ಯುವರೋ ಎಂಬುದು ಈ ಮಳೆಗಾಲದ ಆಯ್ಕೆಯಲ್ಲಿದೆ.