ಒಂದು ಫೋಟೋದಿಂದ ಇನ್ನೊಂದಕ್ಕೆ

(ಸುವರ್ಣ ಮಹೋತ್ಸವದ ಎರಡನೇ ದಿನ ಸಂಜೆ, ಹಳೆಯ ಫೋಟೋಗಳ ಪ್ರದರ್ಶನಕ್ಕೆ ಮೊದಲು ಆಡಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಭಾಷಣ ಮಾಡುವವರ ಫೋಟೋ ತೆಗೆದು ಅಭ್ಯಾಸ. ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಇಲ್ಲಿರುವ ಅನೇಕರ ಮದುವೆ ವಿಡಿಯೋ ಮಾಡಿದವನು ನಾನೇ. ವರನ ಮುಖದಿಂದ ವಧುವಿನ ಮುಖಕ್ಕೆ ಹೋಗುವಾಗ ನಡುವೆ ಒಂದು ಕೆಂಪು ಹೃದಯ ಬಂದು ಗಿರಗಿರ ತಿರುಗುತ್ತದಲ್ಲ, ಆ ಅಪರಾಧವೂ ನನ್ನದೇ.

ಶಾಲೆಯ ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ಒಂದು ಸ್ಲೈಡ್ ಶೋ ಮಾಡಿಕೊಡು ಎಂದು ಸಮಿತಿಯವರು ಕೇಳಿದಾಗ ಮೂರು ದಿನದ ಕೆಲಸ ಅಂದುಕೊಂಡೆ. ಮೂರು ತಿಂಗಳು ಹಿಡಿಯಿತು. ಯಾಕೆ ಹಿಡಿಯಿತು ಎಂದು ಹೇಳುವುದಕ್ಕೇ ಈ ಹತ್ತು ನಿಮಿಷ ಕೇಳಿ ಪಡೆದುಕೊಂಡಿದ್ದೇನೆ.

ಒಂದು ಫೋಟೋ ಹೋಗಿ ಇನ್ನೊಂದು ಬರುವ ಆ ಒಂದೆರಡು ಸೆಕೆಂಡಿಗೆ ನಮ್ಮ ಕಸುಬಿನಲ್ಲಿ ಟ್ರಾನ್ಸಿಶನ್ ಅನ್ನುತ್ತೇವೆ. ಹಿರಿಯರಿಗೆ ಟೆಂಟ್ ಸಿನಿಮಾ ನೆನಪಿರಬಹುದು. ಆಟ ಶುರುವಾಗುವ ಮೊದಲು ಗಾಜಿನ ಸ್ಲೈಡುಗಳಲ್ಲಿ ಜವಳಿ ಅಂಗಡಿ, ಬೀಡಿ, ಸೋಪಿನ ಜಾಹೀರಾತು ಬರುತ್ತಿತ್ತು. ಒಂದನ್ನು ಎಳೆದು ಇನ್ನೊಂದನ್ನು ತಳ್ಳಿದರೆ ಮುಗಿಯಿತು. ಇದಕ್ಕಿಂತ ನಯವಾದ ವಿಧಾನ ಹತ್ತೊಂಬತ್ತನೇ ಶತಮಾನದಲ್ಲೇ ಇತ್ತು. ಇಂಗ್ಲೆಂಡಿನಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ತೋರಿಸುವವರು ಎರಡು ದೀಪಗಳ ಚಿತ್ರವನ್ನು ಒಂದೇ ಪರದೆಯ ಮೇಲೆ ಬಿಟ್ಟು, ಒಂದರ ಬೆಳಕು ಇಳಿಸುತ್ತಾ ಇನ್ನೊಂದರ ಬೆಳಕು ಏರಿಸುತ್ತಿದ್ದರು. ಬೇಸಿಗೆಯ ಹಳ್ಳಿ ನೋಡನೋಡುತ್ತಲೇ ಹಿಮ ಬಿದ್ದ ಹಳ್ಳಿಯಾಗುತ್ತಿತ್ತು. ಎರಡೂ ಚಿತ್ರದಲ್ಲಿ ಮನೆ ಅದೇ, ಮರ ಅದೇ, ಅದೇ ಜಾಗದಲ್ಲಿ. ಬದಲಾಗುವುದು ಕಾಲ ಮಾತ್ರ.

ಈಗ ಕಂಪ್ಯೂಟರ್ ಮಾಡುವುದೂ ಅದನ್ನೇ. ಮಕ್ಕಳೇ, ಇದು ನಿಮ್ಮ ಗಣಿತ. ಕಪ್ಪು ಬಿಳುಪು ಫೋಟೋದ ಪ್ರತಿ ಚುಕ್ಕಿಗೂ ಒಂದು ಅಂಕಿ ಇರುತ್ತದೆ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 255. ಮೊದಲ ಫೋಟೋದಲ್ಲಿ ಒಂದು ಚುಕ್ಕಿ 200, ಎರಡನೆಯದರಲ್ಲಿ ಅದೇ ಜಾಗದ ಚುಕ್ಕಿ 100 ಎಂದುಕೊಳ್ಳಿ. ಕಾಲು ದಾರಿಯಲ್ಲಿ ಮೊದಲನೆಯದರ ಮುಕ್ಕಾಲು, ಎರಡನೆಯದರ ಕಾಲು. 150ಕ್ಕೆ 25 ಸೇರಿಸಿದರೆ 175. ಅರ್ಧ ದಾರಿಯಲ್ಲಿ 150. ಕೊನೆಗೆ 100. ಸೆಕೆಂಡಿಗೆ 25 ಸಲ, ಲಕ್ಷಾಂತರ ಚುಕ್ಕಿಗಳಿಗೆ ಈ ಲೆಕ್ಕ ನಡೆಯುತ್ತದೆ. ಇದಕ್ಕೆ ಡಿಸಾಲ್ವ್ ಎಂದು ಹೆಸರು, ಕರಗುವುದು ಅಂತ.

ಇನ್ನೊಂದು ವಿಧಾನ ಒರೆಸುವುದು, ವೈಪ್. ಅದಕ್ಕೆ ಒಂದು ಬೂದು ಬಣ್ಣದ ನಕ್ಷೆ ಬೇಕು. ನಕ್ಷೆಯಲ್ಲಿ ಕಪ್ಪಾಗಿರುವ ಜಾಗ ಮೊದಲು ಬದಲಾಗುತ್ತದೆ, ಬೂದು ಜಾಗ ಆಮೇಲೆ, ಬಿಳಿ ಜಾಗ ಕೊನೆಗೆ. ಈ ನಕ್ಷೆಯನ್ನು ನಾವೇ ಬರೆದುಕೊಳ್ಳಬಹುದು. ಜಿಂಪ್ ಎಂಬ ತಂತ್ರಾಂಶದಲ್ಲಿ ಬರೆದು, ಶಾಟ್‌ಕಟ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಆಯಿತು. ಎರಡೂ ಉಚಿತ, ಶಾಲೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ನಾನು ಮೊದಲು ಬರೆದದ್ದು ಡಸ್ಟರಿನ ನಕ್ಷೆ. ಎಡ ಮೇಲಿನ ಮೂಲೆಯಲ್ಲಿ ಕಪ್ಪಾಗಿ ಶುರುವಾಗಿ, ಬಲಕ್ಕೆ ಎಡಕ್ಕೆ ಹೋಗುತ್ತಾ ಬರುತ್ತಾ, ಬಲ ಕೆಳಗಿನ ಮೂಲೆಗೆ ಬರುವಷ್ಟರಲ್ಲಿ ಬಿಳಿಯಾಗುವ ಪಟ್ಟೆ. ಅದರ ಅಂಚನ್ನು ಸ್ವಲ್ಪ ಮೆತ್ತಗೆ ಮಾಡಿದರೆ ಸೀಮೆಸುಣ್ಣದ ಪುಡಿ ಹಾರಿದ ಹಾಗೆ ಕಾಣುತ್ತದೆ. ಬೋರ್ಡು ಒರೆಸಿದ ಹಾಗೆ ಒಂದು ಬ್ಯಾಚು ಹೋಗಿ ಇನ್ನೊಂದು ಬ್ಯಾಚು ಬರುತ್ತದೆ. ನೋಡಿದ ಮೇಷ್ಟ್ರೊಬ್ಬರು, "ಪರವಾಗಿಲ್ಲ ಕಣೋ, ಈ ಡಸ್ಟರ್ ನಿನ್ನ ತಲೆ ಮೇಲೆ ಬೀಳಲ್ಲ" ಅಂದರು.

ಕೆಲಸ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಫೋಟೋಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವಾಗ ಒಂದು ವಿಷಯ ಕಂಡಿತು. 1974ರಿಂದ ಇವತ್ತಿನವರೆಗೆ ನಮ್ಮ ಗ್ರೂಪ್ ಫೋಟೋ ತೆಗೆಯುವುದು ಒಂದೇ ಜಾಗದಲ್ಲಿ, ಶಾಲೆಯ ಮುಂಬಾಗಿಲ ಎರಡು ಕಲ್ಲುಕಂಬಗಳ ನಡುವೆ. ಫೋಟೋಗ್ರಾಫರ್ ಒಮ್ಮೆ ಹತ್ತಿರ, ಒಮ್ಮೆ ದೂರ ನಿಂತಿರಬಹುದು, ಕ್ಯಾಮೆರಾ ಸ್ವಲ್ಪ ವಾಲಿರಬಹುದು. ಆದರೆ ಎರಡು ಬಿಂದುಗಳು ಗೊತ್ತಿದ್ದರೆ ಗಾತ್ರ, ಓರೆ, ಜಾಗ ಮೂರನ್ನೂ ಸರಿಪಡಿಸಬಹುದು. ಕಂಬಗಳ ಬುಡ ಎರಡನ್ನೂ ಗುರುತು ಮಾಡಿ, ಪ್ರತಿ ಫೋಟೋವನ್ನೂ ಹಿಂದಿನದರ ಮೇಲೆ ಕೂರಿಸಿದೆ. ಈಗ ಕರಗಿಸಿದರೆ ಕಂಬ ಅಲ್ಲಾಡುವುದಿಲ್ಲ, ಮೆಟ್ಟಿಲು ಅಲ್ಲಾಡುವುದಿಲ್ಲ. ಬೇವಿನ ಗಿಡ ಮರವಾಗುತ್ತದೆ. ಮಕ್ಕಳು ಬರುತ್ತಾರೆ, ಹೋಗುತ್ತಾರೆ.

ನಮ್ಮ ಬ್ಯಾಚಿಗೆ ಎರಡು ಫೋಟೋ ಇವೆ. 1988-89ರಲ್ಲಿ ನಾವು ಎಂಟನೇ ತರಗತಿಯಲ್ಲಿದ್ದಾಗ ತೆಗೆದದ್ದು ಒಂದು, 1990-91ರಲ್ಲಿ ಎಸ್ಸೆಸ್ಸೆಲ್ಸಿಯದ್ದು ಇನ್ನೊಂದು. ಎರಡನ್ನೂ ಎಷ್ಟೋ ಸಲ ನೋಡಿದ್ದೆ. ಒಂದರ ಮೇಲೊಂದು ಕೂರಿಸಿ ಕರಗಿಸಿದಾಗಲೇ ಕಂಡದ್ದು: ಎಡಗಡೆ ಮೆಟ್ಟಿಲ ಮೇಲೆ ಕೂತ ಒಂಬತ್ತು ಹುಡುಗಿಯರಲ್ಲಿ ಆರು ಜನ ಮಂಜಿನ ಹಾಗೆ ಕರಗಿ, ಅವರ ಹಿಂದಿನ ಕಲ್ಲು ಕಾಣಿಸಿತು. ಹತ್ತನೇ ತರಗತಿಯಲ್ಲಿ ಉಳಿದವರು ಮೂರೇ ಜನ.

ಆ ಆರು ಜನರಲ್ಲಿ ಒಬ್ಬಳು ನನ್ನ ಅಕ್ಕ. ನನ್ನ ಕೈ ಹಿಡಿದು ಕರೆದುಕೊಂಡು ಹೋಗಲಿ ಎಂದು ಅವಳನ್ನು ಒಂದು ವರ್ಷ ತಡೆದು, ನನ್ನ ಜೊತೆಗೇ ಒಂದನೇ ತರಗತಿಗೆ ಸೇರಿಸಿದ್ದರು. ಎಂಟನೇ ತರಗತಿಯವರೆಗೂ ಹಾಗೇ ಕರೆದುಕೊಂಡು ಬಂದಳು. ಲೆಕ್ಕದಲ್ಲಿ ನನಗಿಂತ ಮುಂದಿದ್ದಳು. ಒಂಬತ್ತನೇ ತರಗತಿಯಲ್ಲಿ ಬಿಡಿಸಿದರು. ನಾನು ಮುಂದೆ ಓದಿದೆ. ಅದರ ಬಗ್ಗೆ ಮನೆಯಲ್ಲಿ ನಾವು ಯಾವತ್ತೂ ಮಾತಾಡಿರಲಿಲ್ಲ.

ಅಕ್ಕನನ್ನು ಸ್ಟುಡಿಯೋಗೆ ಕರೆದು ತೋರಿಸಿದೆ. ನನಗೆ ಹೆಮ್ಮೆ ಇತ್ತು, ಎಷ್ಟು ನಯವಾಗಿ ಬಂದಿದೆ ನೋಡು ಎಂದು. ಅವಳು ಎರಡು ಸಲ ನೋಡಿದಳು. ಆಮೇಲೆ ಹೇಳಿದಳು, "ಹಿಂಗೆ ನಿಧಾನಕ್ಕೆ ಹೋಗ್ಲಿಲ್ಲ ಕಣೋ ನಾನು. ಒಂದೇ ದಿನ. ಸೋಮವಾರ ಬ್ಯಾಗು ಹಿಡ್ಕೊಂಡು ನಿಂತಿದ್ದೆ, ಬೇಡ ಅಂದ್ರು."

ಆ ರಾತ್ರಿ ನಾನು ಎಲ್ಲ ಅಳಿಸಿ ಮತ್ತೆ ಕೂತೆ. ಹೆಡ್ಮಾಸ್ಟರ ಅನುಮತಿ ಪಡೆದು ದಾಖಲಾತಿ ಪುಸ್ತಕ ನೋಡಿದೆ. ಆರು ಹೆಸರುಗಳ ಮುಂದೆಯೂ ಶಾಲೆ ಬಿಟ್ಟ ದಿನಾಂಕ ಇದೆ. ಕಾರಣದ ಕಾಲಂನಲ್ಲಿ ಆರಕ್ಕೂ ಒಂದೇ ಮಾತು, ಪೋಷಕರ ಕೋರಿಕೆ ಮೇರೆಗೆ.

ಹೊಸ ನಕ್ಷೆ ಬರೆದೆ. ಅದೆಲ್ಲ ಬಿಳಿ. ಅದರಲ್ಲಿ ಆರು ಹುಡುಗಿಯರ ಆಕಾರಗಳು, ಒಂದೊಂದಕ್ಕೂ ಬೇರೆ ಬೇರೆ ಬೂದು. ಆಕಾರದ ಒಳಗೆಲ್ಲ ಒಂದೇ ಬೂದು ಇದ್ದು, ಅಂಚಿನ ಮೆತ್ತಗೆ ಸೊನ್ನೆಗೆ ಇಳಿಸಿದರೆ, ಆ ಆಕಾರ ಕರಗುವುದಿಲ್ಲ. ಒಂದು ಕ್ಷಣ ಇರುತ್ತದೆ, ಮರುಕ್ಷಣ ಇರುವುದಿಲ್ಲ. ಯಾರು ಮೊದಲು ಬಿಟ್ಟರೋ ಅವರದ್ದು ಹೆಚ್ಚು ಕಪ್ಪು. ಅಕ್ಕ ಮೂರನೆಯವಳು. ಅವಳಿಗೆ 128 ತುಂಬಿದೆ. ಹತ್ತು ಸೆಕೆಂಡಿನ ನಡುವೆ, ಐದನೇ ಸೆಕೆಂಡಿಗೆ ಅವಳ ಜಾಗ ಖಾಲಿಯಾಗುತ್ತದೆ. ಇದಕ್ಕಾಗಿ ನಡುವೆ ಒಂದು ಮೂರನೇ ಚಿತ್ರ ಮಾಡಿಕೊಂಡೆ: ಎಂಟನೇ ತರಗತಿಯದೇ ಫೋಟೋ, ಆ ಆರು ಜಾಗಗಳಲ್ಲಿ ಮಾತ್ರ ಹತ್ತನೇ ತರಗತಿಯ ಫೋಟೋದ ಕಲ್ಲು. ಆರೂ ಜಾಗ ಖಾಲಿಯಾದ ಮೇಲೆ ಉಳಿದವರು ನಿಧಾನವಾಗಿ ಕರಗಿ ದೊಡ್ಡವರಾಗುತ್ತಾರೆ. ನಮಗೆ ಮೀಸೆ ಬರುತ್ತದೆ.

ಅಕ್ಕನಿಗೆ ಮತ್ತೆ ತೋರಿಸಿದೆ. "ಈಗ ಸರಿ" ಅಂದಳು. ಉಳಿದ ಐವರನ್ನೂ ಅವಳೇ ಹುಡುಕಿ ಮಾತಾಡಿದಳು, ತೋರಿಸಬಹುದೇ ಎಂದು ಕೇಳಿದಳು. ಎಲ್ಲರೂ ಒಪ್ಪಿದರು. ಅವರಲ್ಲಿ ನಾಲ್ವರು ಇವತ್ತು ಬಂದಿದ್ದಾರೆ, ಅಕ್ಕನ ಜೊತೆ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಹಳೆಯ ವಿದ್ಯಾರ್ಥಿಗಳು ಎಂದು ಸಮಿತಿಯವರು ಪಟ್ಟಿ ಮಾಡಿದಾಗ ಎಸ್ಸೆಸ್ಸೆಲ್ಸಿ ಫೋಟೋ ನೋಡಿ ಹೆಸರು ಬರೆದಿದ್ದರು. ಇವರ ಹೆಸರು ಅದರಲ್ಲಿ ಇರಲಿಲ್ಲ. ಈಗ ಸೇರಿಸಿದ್ದಾರೆ. ಬೇರೆ ಬ್ಯಾಚಿನವರೂ ತಮ್ಮ ತಮ್ಮ ಎಂಟನೇ ತರಗತಿಯವರನ್ನು ನೆನಪು ಮಾಡಿಕೊಂಡು ಸಮಿತಿಗೆ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಕ್ಕಳಿಗೆ ಒಂದು ಮಾತು. ಪ್ರತಿ ವರ್ಷ ಮೂರೂ ತರಗತಿಗಳ ಫೋಟೋ ತೆಗೆಸಿ, ಅದೇ ಕಂಬಗಳ ನಡುವೆ. ಎರಡೂ ಕಂಬದ ಬುಡ ಕಾಣುವ ಹಾಗೆ ತೆಗೆಯಿರಿ ಎಂದು ಫೋಟೋಗ್ರಾಫರಿಗೆ ಹೇಳಿ. ಹಿಂದುಗಡೆ ಎಲ್ಲರ ಹೆಸರು ಬರೆದಿಡಿ, ಊದಾ ಇಂಕಿನಲ್ಲಿ ಬೇಡ, ಪೆನ್ಸಿಲಿನಲ್ಲಿ. ಇಂಕು ಮುಂದೆ ಇಳಿಯುತ್ತದೆ.

ಪ್ರದರ್ಶನದ ಕೊನೆಯಲ್ಲಿ ಇನ್ನೊಂದು ಜೋಡಿ ಫೋಟೋ ಬರುತ್ತದೆ. 2021-22ರ ಎಂಟನೇ ತರಗತಿ, 2023-24ರ ಹತ್ತನೇ ತರಗತಿ. ಅದೇ ಮೆಟ್ಟಿಲ ಮೇಲೆ ಹದಿನಾಲ್ಕು ಹುಡುಗಿಯರು. ಅದಕ್ಕೆ ಯಾವ ನಕ್ಷೆಯೂ ಬೇಕಾಗಲಿಲ್ಲ, ಸಾದಾ ಡಿಸಾಲ್ವ್ ಹಾಕಿದ್ದೇನೆ. ಹದಿನಾಲ್ಕು ಜನ ಹದಿನಾಲ್ಕು ಜನರಾಗಿಯೇ ಇರುತ್ತಾರೆ, ಸ್ವಲ್ಪ ಎತ್ತರವಾಗುತ್ತಾರೆ, ಅಷ್ಟೇ. ನೀವೇ ಎಣಿಸಿ ನೋಡಿ.

ನನ್ನ ಮಾತು ಮುಗಿಯಿತು. ಹಿಂದುಗಡೆ ಇರುವವರು ದಯವಿಟ್ಟು ದೀಪ ಆರಿಸಿ.